ಹಸಿರು ಚುಕ್ಕೆ ಮೆಟ್ಟದ ಪ್ಲಾಸಿದಾ

ಪ್ಲಾಸಿದಾ ಎಂದರೆ ನಮ್ಮ ಸ್ಪ್ಯಾನಿಷಿನಲ್ಲಿ ಶಾಂತೆ. ಹೆಸರಿಟ್ಟವರು ತೊಟ್ಟಿಲಲ್ಲಿ ನಿದ್ದೆ ಹೋಗಿದ್ದ ಕೂಸನ್ನು ನೋಡಿ ಇಟ್ಟಿರಬೇಕು. ಏಳುವ ತನಕ ಕಾದಿದ್ದರೆ ಬೇರೇನಾದರೂ ಹೊಳೆಯುತ್ತಿತ್ತು.

ಸಾನ್ ಆರ್ಕಾದಿಯೊದಲ್ಲಿ ಎಲ್ಲರೂ ಅವರನ್ನು ತೀಯಾ ಪ್ಲಾಸಿದಾ ಎಂದೇ ಕರೆಯುತ್ತೇವೆ. ತೀಯಾ ಎಂದರೆ ಚಿಕ್ಕಮ್ಮ. ಯಾವ ಕಡೆಯಿಂದ ಚಿಕ್ಕಮ್ಮ ಎಂದು ಮಾತ್ರ ಕೇಳಬಾರದು. ಕೇಳಿದರೆ ನಿಮ್ಮ ಮುತ್ತಜ್ಜಿಯ ಮೊದಲನೇ ಮದುವೆಯಿಂದ ಶುರುಮಾಡುತ್ತಾರೆ, ಅಷ್ಟರಲ್ಲಿ ನೀವು ಒಲೆಯ ಮೇಲಿಟ್ಟು ಬಂದ ಕಾಳು ಸೀದು ಕರಕಲಾಗಿರುತ್ತದೆ. ನಾನು ಬರ್ನಡೆಟ್, ಪುರಸಭೆಯ ಕೆಲಸದವಳು. ರಸ್ತೆ ಗುಂಡಿ ಮುಚ್ಚುವುದು, ಚಳಿಗಾಲದಲ್ಲಿ ಹಿಮ ಗೋರುವುದು, ಒಡೆದ ಪೈಪು ಸರಿಮಾಡುವುದು, ಬೆಟ್ಟದ ಮೇಲಿನ ಸ್ಮಶಾನದಲ್ಲಿ ಗುಂಡಿ ತೋಡುವುದು, ಎಲ್ಲಾ ನಮ್ಮ ಪಾಲಿನದೇ. ಈ ಊರಿನವರು ಬದುಕಿದ್ದರೂ ನನ್ನ ಕೈಯಲ್ಲಿ, ಸತ್ತರೂ ನನ್ನ ಕೈಯಲ್ಲಿ. ಆದರೂ ಒಬ್ಬರಿಗೂ ನನ್ನ ಮೇಲೆ ಒಂದಿಷ್ಟು ಭಯ ಇಲ್ಲ.

ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ನಮಗೆ ಉಳಿದದ್ದು ಗಾಳಿ ಮತ್ತು ಸಾಲು ಸಾಲು ಖಾಲಿ ಅಂಗಡಿಗಳು. ಶಾಲೆಯ ಮಾಡು ಸೋರುತ್ತಿತ್ತು, ಆಂಬ್ಯುಲೆನ್ಸನ್ನು ಇಳಿಜಾರಿನಲ್ಲಿ ನಿಲ್ಲಿಸಿಟ್ಟು ತಳ್ಳಿ ಚಾಲೂ ಮಾಡುತ್ತಿದ್ದೆವು. ಆಗ ನಮ್ಮ ಕೊಲೊರಾಡೊ ರಾಜ್ಯದಲ್ಲಿ ಗಾಂಜಾ ಮಾರುವುದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತು. ನಾವು ಗಾಂಜಾ ಅನ್ನುವುದಿಲ್ಲ, ಸೊಪ್ಪು ಅನ್ನುತ್ತೇವೆ. ಪುರಸಭೆ ಊರಿನ ಮುಂದೆ ಪ್ರಶ್ನೆ ಇಟ್ಟಿತು: ಹೆದ್ದಾರಿ ಬದಿಯಲ್ಲಿ ಸೊಪ್ಪಿನ ಅಂಗಡಿಗೆ ಜಾಗ ಕೊಡೋಣವೇ, ಅದರ ಮೇಲೆ ತೆರಿಗೆ ಹಾಕಿ ಊರನ್ನು ರಿಪೇರಿ ಮಾಡಿಕೊಳ್ಳೋಣವೇ? ತೀಯಾ ಪ್ಲಾಸಿದಾ ಸೋಂಪು ಹಾಕಿದ ಬಿಸ್ಕತ್ತು ಸುಟ್ಟುಕೊಂಡು, ಮನೆಮನೆಗೆ ಹೋಗಿ, ಬೇಡ ಎಂದು ಮತ ಹಾಕಿ ಎಂದು ಬೇಡಿಕೊಂಡರು. ಜನ ಬಿಸ್ಕತ್ತು ತಿಂದರು, ತಲೆಯಾಡಿಸಿದರು, ಹೋಗಿ ಬೇಕು ಎಂದು ಮತ ಹಾಕಿ ಬಂದರು.

ಅಂಗಡಿಗಳು ಬಂದವು. ಟೆಕ್ಸಸ್‌ನಿಂದ ಕಾರುಗಳು ಬಂದವು, ಅಲ್ಲಿ ಸೊಪ್ಪು ಮಾರುವಂತಿಲ್ಲವಲ್ಲ. ಸೊಪ್ಪಿನ ಕಾಸೂ ಬಂತು. ಕೊಟ್ಟ ಮಾತು ಉಳಿಸಿಕೊಂಡಿದ್ದೇವೆ ಎಂದು ತೋರಿಸಲು ನಮ್ಮ ಮೇಯರ್ ಲುಸೇರೊಗೆ ಒಂದು ಉಪಾಯ ಹೊಳೆಯಿತು. ಅವರಿಗೆ ಉಪಾಯ ಹೊಳೆದಾಗಲೆಲ್ಲ ನನ್ನ ಸೊಂಟಕ್ಕೆ ಕೆಲಸ ಬೀಳುತ್ತದೆ. ಸೊಪ್ಪಿನ ತೆರಿಗೆಯಲ್ಲಿ ಮಾಡಿದ ಪ್ರತಿಯೊಂದರ ಮೇಲೂ ಅಂಗೈ ಅಗಲದ ಹಸಿರು ಚುಕ್ಕೆ ಇರಬೇಕಂತೆ, ತೆರಿಗೆ ಎಲ್ಲಿ ಹೋಯಿತು ಎಂದು ಕಂಡವರಿಗೆಲ್ಲ ಗೊತ್ತಾಗಬೇಕಂತೆ. ನಾನು ತಗಡಿನಲ್ಲಿ ಒಂದು ತೂತು ಕೊರೆದು, ಬಣ್ಣದ ಡಬ್ಬಿ ಹಿಡಿದು, ಊರೆಲ್ಲ ಚುಕ್ಕೆ ಇಡುತ್ತಾ ಹೋದೆ. ಶಾಲೆಯ ಮಾಡಿಗೆ, ಹೊಸ ಆಂಬ್ಯುಲೆನ್ಸಿಗೆ, ದೊಡ್ಡ ರಸ್ತೆಯ ಫುಟ್‌ಪಾತಿಗೆ, ಬೀದಿದೀಪದ ಕಂಬಗಳಿಗೆ. ಊರಿಗೇ ದಡಾರ ಎದ್ದಂತೆ ಕಾಣುತ್ತಿತ್ತು.

ಮೇಯರ್ ಹೆಮ್ಮೆಗೆಂದು ಇಡಿಸಿದ ಚುಕ್ಕೆ ತೀಯಾ ಪ್ಲಾಸಿದಾಗೆ ಬೇರೆಯೇ ಕೆಲಸಕ್ಕೆ ಬಂತು. ಯಾವುದನ್ನು ಮುಟ್ಟಬಾರದು ಎಂದು ಅವರಿಗೆ ಈಗ ದೂರದಿಂದಲೇ ತಿಳಿಯುತ್ತಿತ್ತು. ಚುಕ್ಕೆ ಇರುವುದನ್ನು ಮೆಟ್ಟುವುದಿಲ್ಲ, ಚುಕ್ಕೆ ಇರುವುದರ ಮೇಲೆ ಕೂರುವುದಿಲ್ಲ, ಚುಕ್ಕೆ ಇರುವುದರ ಒಳಗೆ ಹೋಗುವುದಿಲ್ಲ ಎಂದು ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಹರಕೆ ಹೊತ್ತುಬಿಟ್ಟರು. ಅಲ್ಲಿಂದ ಮುಂದೆ ಅವರು ಚರ್ಚಿಗೆ ಹೋಗುವುದು ನಟ್ಟನಡು ರಸ್ತೆಯಲ್ಲೇ.

"ತೀಯಾ, ಫುಟ್‌ಪಾತ್ ಮೇಲೆ ನಡೀರಿ. ಲಾರಿ ಬರತ್ತೆ," ಎಂದೆ ಒಂದು ದಿನ, ಲಾರಿ ನಿಲ್ಲಿಸಿ.

"ಬರ್ಲಿ ಬಿಡು ಮಿಹಾ. ಲಾರಿಗೇನು ಕಣ್ಣಿಲ್ವಾ?" ಮಿಹಾ ಎಂದರೆ ಮಗಳೇ. ಬೈಯುವಾಗಲೂ ಅವರು ಅದನ್ನು ಬಿಡುವುದಿಲ್ಲ.

"ಲಾರಿಗೆಲ್ಲಿಂದ ಬರತ್ತೆ ಕಣ್ಣು? ಓಡಿಸೋಳು ನಾನು."

"ಓ, ನೀನಾ? ಹಂಗಾದ್ರೆ ಭಯ ಪಡಬೇಕಾದ್ದೇ," ಎಂದು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು. ಫುಟ್‌ಪಾತಿನ ಅಂಚಿಗೆ ಮಾತ್ರ ಕಾಲು ತಾಗಿಸಲಿಲ್ಲ.

ಚಳಿಗಾಲದಲ್ಲಿ ಇನ್ನೂ ಮಜಾ. ಹಿಮ ಗೋರುವ ಹೊಸ ಲಾರಿಗೂ ಚುಕ್ಕೆ ಇತ್ತಲ್ಲ, ಅವರ ಮನೆ ಮುಂದೆ ಬಂದಾಗ ಅಂಗಳದಲ್ಲಿ ಪೊರಕೆ ಎತ್ತಿ ಹಿಡಿದು ನಿಂತಿರುತ್ತಿದ್ದರು. ನಾನು ಲಾರಿಯ ಮುಂದಿನ ಹಿಮ ತಳ್ಳುವ ಹಲಗೆ ಮೇಲೆತ್ತಿ, ಅವರ ಮನೆ ದಾಟಿದ ಮೇಲೆ ಮತ್ತೆ ಇಳಿಸಬೇಕು. ಬೀದಿಯೆಲ್ಲ ಸಾಫಾಗಿ ಅವರ ಮನೆ ಮುಂದೆ ಮಾತ್ರ ಮೊಣಕಾಲುದ್ದ ಹಿಮ. ಅದನ್ನು ಅವರು ಬೆಳಗಿನಿಂದ ಮಧ್ಯಾಹ್ನದ ತನಕ ತಾವೇ ಗೋರಿ, ಸಂಜೆ ಚರ್ಚಿನಲ್ಲಿ ಸಿಕ್ಕಿದವರಿಗೆಲ್ಲ ಬೆನ್ನುನೋವಿನ ವರದಿ ಕೊಡುತ್ತಿದ್ದರು. ಬೀದಿದೀಪದ ಬೆಳಕು ಕಿಟಕಿಯಿಂದ ಒಳಗೆ ಬೀಳುತ್ತದೆ ಎಂದು ದಪ್ಪ ಪರದೆ ಹೊಲಿಸಿದರು. ಲೈಬ್ರರಿಯಲ್ಲಿ ಬೆನ್ನಿಗೆ ಚುಕ್ಕೆ ಇರುವ ಹೊಸ ಪುಸ್ತಕ ಮುಟ್ಟದೆ, ಹಳೆಯವನ್ನೇ ಮತ್ತೆ ಮತ್ತೆ ಓದಿ, ಕೊಲೆಗಾರ ಯಾರು ಎಂದು ಮೊದಲ ಪುಟದಲ್ಲೇ ಪಕ್ಕದವರಿಗೆ ಹೇಳಿಬಿಡುತ್ತಿದ್ದರು.

ಒಂದು ಸಲ ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಆಂಬ್ಯುಲೆನ್ಸ್ ಬಂತು. ನೆಲದ ಮೇಲೆ ಮಲಗಿದವರು ಕತ್ತು ಹೊರಳಿಸಿ ಮೊದಲು ನೋಡಿದ್ದು ಅದರ ಬಾಗಿಲನ್ನು. ಚುಕ್ಕೆ ಕಂಡಿತು. ಕಣ್ಣು ಮುಚ್ಚಿ, "ನಾನು ಹತ್ತಲ್ಲ," ಎಂದರು. ಕೊನೆಗೆ ಎದುರುಮನೆಯ ಬೆನಿತೊ ಮಾಯೆಸ್ ತನ್ನ ಹುಲ್ಲು ಸಾಗಿಸುವ ಪಿಕಪ್ಪಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ಆಂಬ್ಯುಲೆನ್ಸ್ ಹಿಂದೆಯೇ ಖಾಲಿ ಹೋಯಿತು, ದಾರಿಯಲ್ಲಿ ಏನಾದರೂ ಆದರೆ ಇರಲಿ ಎಂದು. ಡಾಕ್ಟರು ಅವರ ಕೂದಲಿನಿಂದ ಹುಲ್ಲು ಹೆಕ್ಕಿ ತೆಗೆದ ಮೇಲೆ ಕೈ ಕಟ್ಟಿದರಂತೆ.

ಬೆನಿತೊ ಎಂಬತ್ತು ದಾಟಿದ ಮುದುಕ, ಊರಿಗೆಲ್ಲ ಗೇಲಿ ಹಂಚುವುದು ಅವನ ಕಸುಬು. "ಪ್ಲಾಸಿದಾ, ಸ್ವರ್ಗದ ಬಾಗಿಲಲ್ಲೂ ಬರ್ನಡೆಟ್ ಹೋಗಿ ಒಂದು ಚುಕ್ಕೆ ಇಟ್ಟುಬಿಟ್ರೆ ಏನ್ಮಾಡ್ತೀಯಾ?" ಎಂದು ಕೇಳುತ್ತಿದ್ದ.

"ಅವಳನ್ನ ಅಲ್ಲೀವರ್ಗೂ ಬಿಟ್ರೆ ತಾನೇ," ಎನ್ನುತ್ತಿದ್ದರು ತೀಯಾ.

ಹಾಗೆಂದು ಅವರನ್ನು ಬರೀ ಹಠಮಾರಿ ಎಂದುಕೊಂಡರೆ ಅದು ಅನ್ಯಾಯ. ಒಮ್ಮೆ ಅವರ ಅಡುಗೆಮನೆಯಲ್ಲಿ ಹಂದಿಮಾಂಸಕ್ಕೆ ಹಸಿಮೆಣಸಿನಕಾಯಿ ಹಾಕಿ ಕುದಿಸಿದ್ದರಲ್ಲಿ ರೊಟ್ಟಿ ಅದ್ದಿ ತಿನ್ನುತ್ತಾ ನಾನೂ ಕೆದಕಿದೆ. ಊಟ ಹಾಕಿದವರ ಜೊತೆ ಜಗಳ ತೆಗೆಯುವುದು ನನಗೆ ಹುಟ್ಟಿನಿಂದ ಬಂದಿದೆ.

"ವೈನ್ ಮೇಲೂ ತೆರಿಗೆ ಇದೆ ತೀಯಾ, ಸಿಗರೇಟಿನ ಮೇಲೂ ಇದೆ. ಅದಕ್ಕೆಲ್ಲ ಇಲ್ಲದ ಮಡಿ ಇದಕ್ಕೆ ಯಾಕೆ?"

"ಚರ್ಚಿಗೆ ತರೋ ವೈನಿಗೆ ತೆರಿಗೆ ಇಲ್ಲ. ಪಾದ್ರಿಗಳನ್ನ ಕೇಳು."

"ಮಾತು ಹಾರಿಸ್ಬೇಡಿ."

ಅವರು ಸೌಟು ಕೆಳಗಿಟ್ಟರು. "ಸೇದೋರು ಸೇದ್ಲಿ ಮಿಹಾ, ನಂಗೇನು. ಆ ಟೆಕ್ಸಸ್ ಹುಡುಗ್ರು ಬರ್ತಾರಲ್ಲ, ಯಾರೋ ತಾಯಿ ಹೆತ್ತ ಮಕ್ಕಳು. ಅವರು ಜಾಸ್ತಿ ತೂರಾಡಿದ್ರೆ ನಮ್ಮ ಫುಟ್‌ಪಾತ್ ಚೆನ್ನಾಗಾಗತ್ತೆ, ಕಮ್ಮಿ ತೂರಾಡಿದ್ರೆ ಶಾಲೆ ಸೋರತ್ತೆ. ಹಂಗಾದ್ರೆ ನಾನು ಭಾನುವಾರ ಮಂಡಿಯೂರಿ ಏನಂತ ಬೇಡ್ಕೊಳ್ಳಿ? ದೇವರೇ, ಅವರು ಇನ್ನೂ ಚೂರು ತೂರಾಡ್ಲಿ ಅಂತಾನಾ?"

ನಾನು ರೊಟ್ಟಿಯ ಇನ್ನೊಂದು ತುಂಡು ಬಾಯಿಗೆ ತುರುಕಿದೆ. ಬಾಯಿತುಂಬ ಮೆಣಸಿನಕಾಯಿ ಇದ್ದದ್ದು ಒಳ್ಳೆಯದೇ ಆಯಿತು.

ಈಗ ಅವರ ಗಂಡನ ವಿಷಯಕ್ಕೆ ಬರುತ್ತೇನೆ. ಎಲಿಸಿಯೊ ಆರ್ಚುಲೆಟಾ ಗಣಿಯಲ್ಲಿ ದುಡಿದವನು. ಮಾತು ಕಮ್ಮಿ, ಮನೆಯಲ್ಲಿ ಅದಕ್ಕೆ ಅವಕಾಶವೂ ಕಮ್ಮಿ. ಮಕ್ಕಳಾಗಲಿಲ್ಲ. ಅವನು ಸತ್ತಾಗ ಬೆಟ್ಟದ ಮೇಲಿನ ಊರಿನ ಸ್ಮಶಾನದಲ್ಲಿ ಹೂತೆವು, ಪಕ್ಕದಲ್ಲಿ ತೀಯಾಗೆಂದು ಜಾಗ ಬಿಟ್ಟೆವು. ಒಂದೇ ಕಲ್ಲಿನಲ್ಲಿ ಇಬ್ಬರ ಹೆಸರೂ ಇದೆ, ಅವರ ಹೆಸರಿನ ಮುಂದೆ ಹುಟ್ಟಿದ ವರ್ಷ ಬರೆದು ಮುಂದಕ್ಕೆ ಖಾಲಿ ಬಿಟ್ಟಿದೆ. ಆ ಬೆಟ್ಟದ ಮೇಲೆ ಒಂದು ಹನಿ ನೀರಿಲ್ಲ. ಸೇಜ್ ಎಂಬ ಕುರುಚಲು ಗಿಡ, ಕಲ್ಲು, ಗಾಳಿ ಇಷ್ಟೇ. ಗಂಡನ ತಲೆಯ ಹತ್ತಿರ ತೀಯಾ ಸಂತ ಜೋಸೆಫನ ಕೋಲು ಎಂದು ನಾವು ಕರೆಯುವ ಉದ್ದ ಹೂವಿನ ಗಿಡ ನೆಟ್ಟಿದ್ದರು. ಅದಕ್ಕೆ ಹಾಲಿನ ಖಾಲಿ ಕ್ಯಾನುಗಳಲ್ಲಿ ಮನೆಯಿಂದ ನೀರು ಹೊತ್ತು ಹಾಕುತ್ತಿದ್ದರು. ಬೆನಿತೊಗೆ ಅದರಲ್ಲೂ ಗೇಲಿ. "ಎಲಿಸಿಯೊ ಬದುಕಿದ್ದಾಗ ಒಂದು ಲೋಟ ನೀರು ಕೇಳಿದ್ರೆ ನೀನೇ ಎದ್ದು ಕುಡೀ ಅಂತಿದ್ಲು," ಎನ್ನುತ್ತಿದ್ದ. ಅದು ಸುಳ್ಳಲ್ಲ.

ಹೀಗಿರುವಾಗ ಪುರಸಭೆಯವರು ಸ್ಮಶಾನಕ್ಕೆ ನೀರಿನ ಪೈಪು ಹಾಕುವ ಯೋಚನೆ ಮಾಡಿದರು. ಅದಕ್ಕೆಂದೇ ಜನರನ್ನು ಕೇಳಿ ಸೊಪ್ಪಿನ ತೆರಿಗೆಯನ್ನು ಚೂರು ಏರಿಸಿದರು. ಪೈಪು, ಬೇಲಿ, ಹೊಸ ಗೇಟು. ಬೇರೆ ವಿಧವೆಯರೆಲ್ಲ ಬದುಕಿಕೊಂಡೆವು ಎಂದರು. ತೀಯಾ ಮಾತ್ರ ಮರುದಿನವೇ ನಮ್ಮ ಶೆಡ್ಡಿಗೆ ಬಂದರು. ನಾನು ಲಾರಿಯ ಕೆಳಗೆ ಮಲಗಿದ್ದೆ. ನನ್ನ ಬೂಟಿಗೇ ಮಾತಾಡಿದರು.

"ಚುಕ್ಕೆ ಎಲ್ಲಿ ಇಡ್ತೀಯಾ?"

"ಗೇಟಿಗೆ."

"ನಾನು ಬೇಲಿ ಹಾರಿ ಹೋಗ್ತೀನಿ."

"ಬೇಲಿಗೂ ಬರತ್ತೆ. ಈ ವಯಸ್ಸಲ್ಲಿ ಹಾರೋಕೆ ಹೋಗಿ ಸೊಂಟ ಮುರ್ಕೊಂಡ್ರೆ ಮತ್ತೆ ಹುಲ್ಲಿನ ಗಾಡೀನೇ ಗತಿ."

ಅವರ ಚಪ್ಪಲಿ ಲಾರಿಯ ಹತ್ತಿರಕ್ಕೆ ಇನ್ನೊಂದು ಹೆಜ್ಜೆ ಬಂತು. ಆಮೇಲೆ ಸಣ್ಣ ದನಿಯಲ್ಲಿ, "ನಾನು ಸತ್ತಾಗ?" ಎಂದರು.

ಲಾರಿಯ ಕೆಳಗಿನಿಂದ ಈಚೆ ಬಂದೆ. ಅವರ ಮುಖ ನೋಡಿದ ಮೇಲೆ ತಮಾಷೆ ಬರಲಿಲ್ಲ. ದೇವರ ಮುಂದೆ ಹೊತ್ತ ಹರಕೆ, ಹೆಣವಾದರೂ ಆ ಗೇಟು ದಾಟುವ ಹಾಗಿಲ್ಲ. ದಾಟದಿದ್ದರೆ ಎಲಿಸಿಯೊನ ಪಕ್ಕದ ಜಾಗ ಖಾಲಿ ಉಳಿಯುತ್ತದೆ. ಮಡಿ ಮಾಡಿ ಮಾಡಿ ತಮ್ಮ ಗೋರಿಯಿಂದಲೇ ತಾವು ಹೊರಗೆ ಬಿದ್ದಿದ್ದರು.

ಒಂದೆರಡು ವಾರ ಅವರು ಸುತ್ತಲ ಹಳ್ಳಿಗಳ ಚರ್ಚುಗಳಿಗೆಲ್ಲ ಹೋಗಿ ಅಲ್ಲಿನ ಸ್ಮಶಾನ ನೋಡಿಕೊಂಡು ಬಂದರು. ಬಾಡಿಗೆ ಮನೆ ನೋಡುವವರ ಹಾಗೆ ಒಂದೊಂದಕ್ಕೂ ಒಂದೊಂದು ದೋಷ. ಒಂದು ಕಡೆ ತಗ್ಗು, ಇನ್ನೊಂದು ಕಡೆ ಪಕ್ಕದವಳು ಬದುಕಿದ್ದಾಗ ಚಾಡಿಕೋರಿ. ಕೊನೆಗೆ ಮತ್ತೆ ನನ್ನ ಹತ್ತಿರ ಬಂದು, "ಎಲಿಸಿಯೊನ ಎತ್ತಿಸ್ಬೇಕು ಅಂದ್ರೆ ಯಾರನ್ನ ಕೇಳ್ಬೇಕು?" ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ತೀಯಾ, ನಿಮಗೇನು ತಲೆ ಕೆಟ್ಟಿದ್ಯಾ? ಆ ಮನುಷ್ಯ ಬದುಕಿದ್ದಾಗ ನೀವು ಹೇಳಿದ ಕಡೆಗೆಲ್ಲ ಎದ್ದು ಹೋಗ್ತಿದ್ದ. ಈಗಾದ್ರೂ ಒಂದು ಕಡೆ ಮಲಗೋಕೆ ಬಿಡಿ. ನಾನಂತೂ ಗುದ್ದಲಿ ಮುಟ್ಟಲ್ಲ."

"ಕಿರುಚ್ಬೇಡ. ಬರೀ ಕೇಳಿದೆ."

"ಕೇಳೋದೂ ಬೇಡ."

ಅಷ್ಟರಲ್ಲಿ, ಅವರ ಅದೃಷ್ಟವೋ ಎಂಬಂತೆ, ಪೈಪಿನ ಕೆಲಸಕ್ಕೆ ನಮ್ಮ ರಾಜ್ಯದ ಕಾನೂನು ಅಡ್ಡ ಬಂತು. ಇಲ್ಲಿ ಹೊಸ ತೆರಿಗೆ ಹಾಕುವ ಮೊದಲು ಇಷ್ಟು ಬರಬಹುದು ಎಂದು ಜನರಿಗೆ ಅಂದಾಜು ಹೇಳಬೇಕು. ಅದಕ್ಕಿಂತ ಜಾಸ್ತಿ ಬಂದರೆ ಜಾಸ್ತಿ ಬಂದದ್ದನ್ನು ಜನರಿಗೆ ವಾಪಸು ಕೊಡಬೇಕು, ಇಲ್ಲವೇ ನಾವೇ ಇಟ್ಟುಕೊಳ್ಳಬಹುದೇ ಎಂದು ಇನ್ನೊಂದು ಸಲ ಮತ ಕೇಳಬೇಕು. ಆ ವರ್ಷ ಟೆಕ್ಸಸ್‌ನವರು ಅದ್ಯಾವ ದುಃಖದಲ್ಲಿದ್ದರೋ, ಅಂದಾಜು ಮೀರಿ ಸೊಪ್ಪು ಕೊಂಡರು. ಇತ್ತ ಬೆಟ್ಟದಲ್ಲಿ ಬಂಡೆ ಸಿಕ್ಕಿ ಪೈಪಿನ ಖರ್ಚು ಏರಿತ್ತು. ಆ ಹೆಚ್ಚಿನ ಹಣ ಸಿಗದಿದ್ದರೆ ಕೆಲಸ ಮುಂದಕ್ಕೆ ಹೋಗುವಂತಿರಲಿಲ್ಲ. ಪೈಪು ಅರ್ಧ ಬೆಟ್ಟಕ್ಕೆ ನಿಂತಿತು. ನವೆಂಬರಿನಲ್ಲಿ ಮತ: ಇಟ್ಟುಕೊಳ್ಳಲಿ ಎನ್ನುವವರು ಹೌದು, ವಾಪಸು ಕೊಡಲಿ ಎನ್ನುವವರು ಇಲ್ಲ.

ತೀಯಾಗೆ ಹೋದ ಜೀವ ಬಂದಂತಾಯಿತು. ಇಲ್ಲ ಗೆದ್ದರೆ ಪೈಪು ಮೇಲೆ ಬರುವುದಿಲ್ಲ, ಗೇಟು ಬರುವುದಿಲ್ಲ, ಚುಕ್ಕೆಯೂ ಬರುವುದಿಲ್ಲ. ಒಲೆ ಹಚ್ಚಿ ಮತ್ತೆ ಬಿಸ್ಕತ್ತು ಸುಟ್ಟರು. ಈ ಸಲ ಜನ ತಲೆಯಾಡಿಸಿದ್ದರಲ್ಲೂ ಸ್ವಲ್ಪ ಅರ್ಥ ಇತ್ತು. ವಾಪಸು ಬರುವ ಕಾಸು ಯಾರಿಗೆ ಬೇಡ?

ನಾನು ಅವರ ಮನೆಯ ನೀರಿನ ಮೀಟರು ನೋಡಲು ಹೋದಾಗ ಬಿಸ್ಕತ್ತಿನ ತಟ್ಟೆ ನನ್ನ ಮುಂದೆಯೂ ಬಂತು. "ನೀನೂ ಇಲ್ಲ ಅಂತ ಹಾಕ್ಬೇಕು ಮಿಹಾ. ಆ ಕಾಸು ಬಂದಲ್ಲಿಗೇ ವಾಪಸ್ ಹೋಗ್ಲಿ."

"ಬಂದಲ್ಲಿಗಾ? ಟೆಕ್ಸಸ್‌ಗೆ ಹೋಗತ್ತೆ ಅನ್ಕೊಂಡ್ರಾ?"

"ಇನ್ನೆಲ್ಲಿಗೆ?"

"ಜನರಿಗೆ ವಾಪಸ್ ಅಂದ್ರೆ ಈ ಊರಿನ ಜನರಿಗೆ. ಪ್ರತೀ ಮನೆಗೂ ಚೆಕ್ ಬರತ್ತೆ. ಈ ಮನೆಗೂ."

ತಟ್ಟೆ ಹಿಡಿದ ಕೈ ಅಲ್ಲೇ ನಿಂತಿತು. "ನನ್ನ ಮನೆಗಾ?"

"ನಿಮ್ಮ ಹೆಸರಿಗೇ. ಪ್ಲಾಸಿದಾ ಆರ್ಚುಲೆಟಾ ಅಂತ ದೊಡ್ಡಕ್ಷರದಲ್ಲಿ ಬರ್ದಿರ್ತಾರೆ."

"ನಂಗೆ ಬೇಡ. ಹರಿದು ಹಾಕ್ತೀನಿ."

"ಹರೀರಿ. ಯಾರೂ ತಗೊಳ್ದೆ ಉಳಿದದ್ದು ಮತ್ತೆ ಪುರಸಭೆಗೇ ಬರತ್ತೆ. ಮೇಯರ್ ಅದರಲ್ಲಿ ಒಂದು ಬೆಂಚು ತಂದು ನಿಮ್ಮ ಮನೆ ಮುಂದೇನೇ ಹಾಕಿಸ್ತಾರೆ."

"ಚರ್ಚಿಗೆ ಕೊಡ್ತೀನಿ."

"ಕೊಡಿ. ಆಮೇಲೆ ಚರ್ಚಿಗೆ ಹೋಗೋದು ಹೆಂಗೆ, ಅದನ್ನೂ ಯೋಚ್ನೆ ಮಾಡಿ."

ಕುರ್ಚಿ ಎಳೆದು ಕುಕ್ಕರಿಸಿದರು. ಹೌದು ಎಂದರೆ ಗೇಟಿಗೆ ಚುಕ್ಕೆ, ಇಲ್ಲ ಎಂದರೆ ಸೊಪ್ಪಿನ ಕಾಸು ನೇರ ಕೈಚೀಲಕ್ಕೆ. ನಾನು ನಗು ತಡೆಯಲಾಗದೆ ಮೀಟರು ನೋಡುವ ನೆಪದಲ್ಲಿ ಹೊರಗೆ ಹೋದೆ. ತಿರುಗಿ ಬಂದಾಗ ಅವರು ಹಾಗೇ ಕೂತಿದ್ದರು. "ಎಲ್ಲಿಗೆ ಹೋದ್ರೂ ಬೆನ್ನು ಬಿಡಲ್ವಲ್ಲ ಈ ದರಿದ್ರ ಸೊಪ್ಪು," ಎಂದರು. ಆಮೇಲೆ, "ಮಿಹಾ, ಮಂಡಿ ಯಾಕೋ ಬಗ್ತಾನೇ ಇಲ್ಲ. ಬೆಟ್ಟಕ್ಕೆ ನೀರು ಒಯ್ಯಬೇಕಿತ್ತು. ನಿನ್ನ ಗಾಡೀಲಿ ಬಿಡ್ತೀಯಾ?" ಎಂದು ಕೇಳಿದರು. ಅವರು ಯಾರನ್ನೂ ಏನನ್ನೂ ಕೇಳಿದ್ದು ನಾನು ಅದುವರೆಗೆ ಕಂಡಿರಲಿಲ್ಲ. ನನ್ನದೇ ಸ್ವಂತ ಗಾಡಿ, ಚುಕ್ಕೆ ಇಲ್ಲದ್ದು, ತಂದೆ.

ಕ್ಯಾನುಗಳನ್ನು ಹಳೇ ಗೇಟಿನಿಂದ ನಾನೇ ಹೊತ್ತೆ. ಬಿಸಿಲಿಗೆ ಗಿಡದ ಎಲೆಗಳೆಲ್ಲ ಹಪ್ಪಳದ ಹಾಗಾಗಿದ್ದವು. ತೀಯಾ ಬುಡಕ್ಕೆ ನೀರು ಸುರಿದರು. ಮಣ್ಣು ಸೊರ್ರೆಂದು ಹೀರಿಕೊಂಡಿತು, ಕ್ಷಣದಲ್ಲಿ ಒದ್ದೆಯಾದ ಗುರುತೂ ಇರಲಿಲ್ಲ.

"ಹೆಂಗೆ ಕುಡೀತಾನೆ ನೋಡು," ಎಂದು ಮೆಚ್ಚಿಕೊಂಡರು. "ಪಾಪ, ಕಾಯ್ತಾ ಇದ್ದ."

ನನ್ನ ಬಾಯಿಗೆ ಬೀಗ ಇಲ್ಲ. "ಇಷ್ಟು ನೀರು ಒಂದು ಗೇಣೂ ಇಳಿಯಲ್ಲ ತೀಯಾ. ನಾನು ಇಲ್ಲಿ ತೋಡ್ತೀನಲ್ಲ, ನಂಗೊತ್ತು. ಕೆಳಗೆಲ್ಲ ಒಣ ಹಿಟ್ಟು."

ಅವರು ಖಾಲಿ ಕ್ಯಾನನ್ನು ಎದೆಗವಚಿಕೊಂಡು ನನ್ನನ್ನೇ ನೋಡಿದರು. "ಅಂದ್ರೆ ಇಷ್ಟು ವರ್ಷ ನಾನು ಹಾಕಿದ್ದು..."

"ಗಿಡಕ್ಕೆ ಸಿಕ್ಕಿದೆ," ಎಂದೆ ಅವಸರದಲ್ಲಿ.

"ಗಿಡಕ್ಕೆ ಯಾರು ಹಾಕಿದ್ರು? ನಾನು ಹಾಕಿದ್ದು ಅವನಿಗೆ," ಎಂದರು ತೀಯಾ. ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸಿತು.

ಮತಕ್ಕೆ ಮುಂಚಿನ ಪುರಸಭೆಯ ಸಭೆಗೆ ಊರೆಲ್ಲ ಬಂದಿತ್ತು. ಸಭೆಯಲ್ಲಿ ಯಾರು ಬೇಕಾದರೂ ಎದ್ದು ಮೂರು ನಿಮಿಷ ಮಾತಾಡಬಹುದು, ಆಮೇಲೆ ಗಂಟೆ ಹೊಡೆಯುತ್ತಾರೆ. ವರ್ಷಗಳಿಂದ ಪ್ರತಿ ಸಭೆಯಲ್ಲೂ ಒಂದು ಮೂರು ನಿಮಿಷ ತೀಯಾದ್ದೇ. ಅವರು ಮಾತಿಗೆ ನಿಂತರೆ ಸದಸ್ಯರು ಕಾಫಿ ತರಲು ಏಳುತ್ತಾರೆ. ಕುರ್ಚಿಗಳಿಗೆ ಚುಕ್ಕೆ ಇದ್ದುದರಿಂದ ಅವರು ಎಂದಿನಂತೆ ಗೋಡೆಗೊರಗಿ ನಿಂತೇ ಇದ್ದರು. ಅವರ ಹೆಸರು ಕೂಗಿದಾಗ ಮುಂದೆ ಬಂದು ಮೈಕನ್ನು ಕೆಳಗೆ ಬಗ್ಗಿಸಿದರು.

"ಸೊಪ್ಪಿನ ಕಾಸು ಕೊಳಕು," ಎಂದು ಶುರು ಮಾಡಿದರು. ಸದಸ್ಯರು ಕಾಫಿಗೆ ಎದ್ದರು. "ಕೂತ್ಕೊಳ್ಳಿ. ಇನ್ನೂ ಮುಗಿದಿಲ್ಲ. ಕೊಳಕು ಅಂತ ನಾನು ಸಾಯೋವರ್ಗೂ ಹೇಳ್ತೀನಿ. ಆದ್ರೆ ಹೌದು ಅಂತ ಮತ ಹಾಕಿ ಅಂತ ಹೇಳೋಕೆ ಬಂದಿದೀನಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಹಿಂದಿನ ಸಾಲಿನಿಂದ ಬೆನಿತೊ, "ಬಿಸ್ಕತ್ತಿಗೆ ಏನು ಹಾಕ್ಕೊಂಡು ತಿಂದ್ಯೇ ಪ್ಲಾಸಿದಾ?" ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಮೇಯರ್ ಕೂಡ.

ನಗು ಇಳಿಯುವ ತನಕ ಅವರು ಕಾದರು. "ನಗಿ. ಫುಟ್‌ಪಾತಲ್ಲಿ ನಡೀದೆ ಇರೋದು, ಪುಸ್ತಕ ಓದದೆ ಇರೋದು, ಅದೆಲ್ಲ ನನ್ನ ಹಠ. ನಂಗೆ ಖುಷಿಯಾಗ್ತಿತ್ತು, ಮಾಡಿದೆ. ಎಲಿಸಿಯೊಗೆ ಇಷ್ಟು ವರ್ಷ ನೀರು ಹೊತ್ತೆ. ಅದು ಅವನ ತನಕ ಹೋಗೇ ಇಲ್ವಂತೆ. ತೋಡೋಳು ಹೇಳಿದ್ಲು, ಅವಳಿಗೆ ಗೊತ್ತಿರತ್ತೆ. ಈಗ ನನ್ನ ಕೈಲಿ ಆ ಕ್ಯಾನೂ ಎತ್ತೋಕಾಗಲ್ಲ. ನಾಳೆ ನಾನೂ ಹೋಗಿ ಅವನ ಪಕ್ಕ ಮಲಗ್ತೀನಿ. ನಮಗೆ ಮಕ್ಕಳಿಲ್ಲ. ಇಬ್ಬರಿಗೂ ನೀರು ಹೊರೋರು ಯಾರು?"

ಬೆನಿತೊ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಅವನ ಹೆಂಡತಿಯೂ ಆ ಬೆಟ್ಟದ ಮೇಲೇ ಇದ್ದಾಳೆ.

ಮೇಯರ್ ಮುಂದಕ್ಕೆ ಬಾಗಿ, "ಸೆನ್ಯೋರಾ ಆರ್ಚುಲೆಟಾ, ನಿಮ್ಮ ಹರಕೆ? ಬೇಕಾದ್ರೆ ಆ ಗೇಟಿಗೆ ಚುಕ್ಕೆ ಬೇಡ ಅಂತ ನಾವು..." ಎಂದರು.

"ಚುಕ್ಕೆ ಇಡಿ. ಕದ್ದು ಮಾಡೋಕೆ ನಾನೇನು ಕಳ್ಳೀನಾ? ಹರಕೆ ನಾನು ಹೊತ್ತಿದ್ದು, ಮುರಿಯೋಳೂ ನಾನೇ. ಪಾದ್ರಿಗಳ ಹತ್ರ ಮಾತಾಡಿದೀನಿ, ಪ್ರಾಯಶ್ಚಿತ್ತಕ್ಕೆ ಜಪಮಾಲೆ ಕೊಟ್ಟಿದಾರೆ. ಅದೂ ಕಮ್ಮೀನೇ ಕೊಟ್ರು, ನಾನು ಇನ್ನೂ ಜಾಸ್ತಿ ಎಣಿಸಿದ್ದೆ." ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಎಲಿಸಿಯೊನ ಬಿಟ್ಟು ಬೇರೆ ಎಲ್ಲೋ ಒಬ್ಬಳೇ ಮಲಗೋಕೆ ನಂಗೆ ಭಯ. ಅಷ್ಟೇ ವಿಷಯ."

ಗಂಟೆ ಹೊಡೆಯಬೇಕಾದವನು ಹೊಡೆಯಲಿಲ್ಲ. ಅವರೇ ಅವನ ಕಡೆ ತಿರುಗಿ, "ಹೊಡಿ, ಮುಗೀತು," ಎಂದು ಹೇಳಿ ಹೊರಗೆ ಹೋದರು. ನನ್ನ ಕಣ್ಣಲ್ಲಿ ನೀರು ಬಂತು. ಯಾರಾದರೂ ಕೇಳಿದರೆ ಬಣ್ಣದ ಘಾಟು ಎನ್ನೋಣ ಎಂದುಕೊಂಡೆ, ಯಾರೂ ಕೇಳಲಿಲ್ಲ.

ಹೌದು ಗೆದ್ದಿತು, ಅದೂ ಕೂದಲೆಳೆಯಲ್ಲಿ. ಚೆಕ್ಕಿನ ಆಸೆ ಬಿಡುವುದು ಜನರಿಗೆ ಅಷ್ಟು ಸುಲಭವಲ್ಲ. ಚಳಿಗಾಲ ಕಳೆದು ಮಣ್ಣು ಮೆತ್ತಗಾದ ಮೇಲೆ ನಾವು ಬಂಡೆ ಒಡೆದು ಪೈಪನ್ನು ಮೇಲಕ್ಕೆ ತಂದೆವು. ಹೊಸ ಗೇಟಿಗೆ ಚುಕ್ಕೆ ಇಟ್ಟೆ. ಅದು ಒಣಗುವ ಮೊದಲೇ ತೀಯಾ ಬೆನಿತೊನ ಪಿಕಪ್ಪಿನಲ್ಲಿ ಬಂದು ಇಳಿದರು. ಇಬ್ಬರೂ ದಾರಿಯಲ್ಲಿ ಜಗಳವಾಡಿಕೊಂಡೇ ಬಂದಿದ್ದರು ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವನು ತನ್ನ ಹೆಂಡತಿಯ ಕಡೆ ಹೋದ. ಇವರು ಗೇಟಿನ ಮುಂದೆ ಶಿಲುಬೆಯ ಗುರುತು ಹಾಕಿಕೊಂಡು, ತಣ್ಣೀರಿಗೆ ಕಾಲಿಡುವವರಂತೆ ಒಂದು ಕಾಲು ಒಳಗಿಟ್ಟರು, ಆಮೇಲೆ ಇನ್ನೊಂದು.

"ಏನೂ ಆಗ್ಲಿಲ್ವಲ್ಲ," ಎಂದೆ.

"ಇನ್ನೂ ಹೊತ್ತಿದೆ," ಎಂದರು.

ಕಲ್ಲಿನ ಪಕ್ಕ ತಮ್ಮ ಖಾಲಿ ಜಾಗದ ಮೇಲೆಯೇ ಕಷ್ಟಪಟ್ಟು ಕೂತು, ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟರು. ನಾನು ಕೊಳವೆ ಎಳೆದು ತಂದು ಎಲಿಸಿಯೊನ ತಲೆಯ ಹತ್ತಿರ ಇಟ್ಟು, ಹೋಗಿ ನಲ್ಲಿ ತಿರುಗಿಸಿದೆ. ಗಾಳಿ ಕೆಮ್ಮಿ ಕೆಮ್ಮಿ ಕೆಂಪು ನೀರು ಬಂತು, ಆಮೇಲೆ ತಿಳಿ ನೀರು. ಒಣ ಮಣ್ಣು ಮೊದಲು ಎಲ್ಲವನ್ನೂ ಹೀರಿತು. ಹೊತ್ತು ಹೋದಂತೆ ಹೀರುವುದು ನಿಧಾನವಾಗಿ, ನೀರು ನಿಂತು, ಗೋರಿಯ ಅಂಚು ದಾಟಿ, ತೀಯಾ ಕೂತ ಜಾಗಕ್ಕೂ ಹರಿದು ಬಂತು. ಲಂಗ ನೆನೆಯಿತು. ಅವರು ಏಳಲಿಲ್ಲ. ಕಪ್ಪು ಕೆಸರಿನಲ್ಲಿ ಎರಡೂ ಅಂಗೈ ಊರಿ ಕೂತಿದ್ದರು.

"ತೀಯಾ, ಸಾಕು. ಇಬ್ಬರಿಗಾಗೋವಷ್ಟಾಯ್ತು. ನಿಲ್ಲಿಸ್ಲಾ?"

"ಇನ್ನೊಂಚೂರು ಬಿಡು ಮಿಹಾ," ಎಂದರು ನನ್ನ ಕಡೆ ನೋಡದೆ. "ಅವನು ತುಂಬಾ ಕೆಳಗಿದ್ದಾನೆ."